ಸೊಪ್ಪಿನ ಬೆಟ್ಟವೂ ಅದರ ಒಡೆಯರೂ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಕಾವ್ಯಪ್ರಸಂಗವು ಮುಗಿದು ಪಾನಕವನ್ನು ಹಂಚುವ ಹೊತ್ತಿಗೆ, ಮಾತು ಅಡಕೆಯ ಧಾರಣೆಯಿಂದ ಸೊಪ್ಪಿನ ಬೆಟ್ಟದ ಕಡೆಗೆ ಹೊರಳಿತು. ಅಲ್ಲಿದ್ದವರಲ್ಲಿ ವಿದ್ಯಾವಂತರೂ ದೊಡ್ಡ ತೋಟದ ಯಜಮಾನರೂ ಆದ ಮಹನೀಯರೊಬ್ಬರು ಮೂರು ವಾಕ್ಯಗಳಲ್ಲಿ ಇಡೀ ವಿಷಯವನ್ನು ತೀರ್ಮಾನಿಸಿಬಿಟ್ಟರು. "ತೋಟಕ್ಕೆ ಚೀಲದ ಗೊಬ್ಬರವಿರುವಾಗ ಸೊಪ್ಪಿನ ಗೊಡವೆ ಏಕೆ? ಬ್ಯಾಣದ ಕಾಡುಮರಗಳನ್ನು ತೆಗೆಸಿ ಅಕೇಶಿಯಾ ನೆಟ್ಟರೆ ಹತ್ತು ವರ್ಷದಲ್ಲಿ ಕೈತುಂಬ ಹಣ. ಇನ್ನು ಬೆಟ್ಟವೋ, ಅದು ಸರಕಾರದ್ದು. ಅದರ ಚಿಂತೆ ಸರಕಾರಕ್ಕಿರಲಿ." ಸಭಿಕರಲ್ಲಿ ಅನೇಕರು ತಲೆದೂಗಿದರು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಾನು ಸುಮ್ಮನಿದ್ದೆನು. ಸಭೆಯಲ್ಲಿ ಕೂಡಲೇ ಎದ್ದು ಉತ್ತರ ಹೇಳುವ ಚುರುಕು ನನ್ನಲ್ಲಿ ಮೊದಲಿನಿಂದಲೂ ಇಲ್ಲ. ಮನೆಗೆ ಬಂದ ಮೇಲೆ ಆ ಮೌನವೇ ನನ್ನನ್ನು ಬಾಧಿಸಹತ್ತಿತು. ಏಕೆಂದರೆ ಆ ಮಹನೀಯರು ಆಡಿದ ಮೂರು ಮಾತುಗಳನ್ನೂ ನಾನು ಒಂದೊಂದು ಕಾಲದಲ್ಲಿ ನಂಬಿ, ನಂಬಿದಂತೆ ನಡೆದು, ಫಲವನ್ನು ಕಂಡವನು. ಆದುದರಿಂದ ಸಂಪಾದಕರ ಅಪ್ಪಣೆ ಪಡೆದು ಈ ನಾಲ್ಕು ಪುಟಗಳನ್ನು ಬರೆಯುತ್ತೇನೆ.

ಕರಾವಳಿಯ ಮತ್ತು ಪೇಟೆಯ ವಾಚಕರಿಗಾಗಿ ಮೊದಲು ಎರಡು ಮಾತು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಅಡಕೆಯ ತೋಟವು ಕಣಿವೆಯ ತಳದಲ್ಲಿರುತ್ತದೆ. ಅದರ ಎರಡು ಮಗ್ಗುಲಿಗೂ ಏರಿರುವ ಕಾಡಿನ ಇಳಿಜಾರೇ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ಆಂಗ್ಲರ ಆಳಿಕೆಯಲ್ಲಿ, ಈ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, ನೆಲೆಗೊಂಡಿತು. ಭೂಮಿಯು ಸರಕಾರದ್ದು, ಸೊಪ್ಪು, ದರಕು, ಹುಲ್ಲುಗಳನ್ನು ತರುವ ಸವಲತ್ತು ತೋಟಿಗನದು, ಮರವನ್ನು ತನ್ನಿಚ್ಛೆಯಿಂದ ಕಡಿದು ಮಾರುವ ಸ್ವಾತಂತ್ರ್ಯ ಅವನಿಗಿಲ್ಲ. ಬೆಟ್ಟದಿಂದ ತಂದ ಹಸಿ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಗೊಬ್ಬರವಾಗಿ, ತೋಟಕ್ಕೆ ಇಳಿಯುತ್ತದೆ. ಒಣಗಿದ ದರಕು ಮರದ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಬೆಟ್ಟದ ಮಗ್ಗುಲಿಗೆ ಕೆಲವರಿಗೆ ಮಾಲ್ಕಿಯ ಬ್ಯಾಣವೂ ಉಂಟು. ಅಲ್ಲಿ ಹುಲ್ಲು, ಚದುರಿದ ಮರಗಳು. ಈ ವ್ಯವಸ್ಥೆಯು ಸರಕಾರದ ಕಾಯಿದೆಗಿಂತಲೂ ಹಳೆಯದು. 1800–01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ತೋಟಗಳಿಗೆ ಸೊಪ್ಪಿನ ಗೊಬ್ಬರವನ್ನು ಹಾಕುವ ಕ್ರಮವನ್ನು ಆಗಲೇ ಕಂಡು ಬರೆದಿಟ್ಟಿದ್ದಾನೆ.

ಇಂಥ ಬೆಟ್ಟದ ವಿಷಯವಾಗಿ ಆ ಮಹನೀಯರ ಮೂರು ವಾಕ್ಯಗಳನ್ನೇ ಪೂರ್ವಪಕ್ಷವಾಗಿಟ್ಟುಕೊಂಡು ಒಂದೊಂದನ್ನಾಗಿ ವಿಚಾರಿಸೋಣ. ಅದಕ್ಕೂ ಮೊದಲು ನನ್ನ ತಪ್ಪೊಪ್ಪಿಗೆ.

ನಮ್ಮ ತೀರ್ಥರೂಪರಿಗೆ ಎರಡು ಎಕರೆ ತೋಟವೂ ಅದಕ್ಕೆ ತಕ್ಕ ಬೆಟ್ಟವೂ ಇದ್ದುವು. ಅವರು ಶಾಸ್ತ್ರ ಓದಿದವರಲ್ಲ. ನನ್ನನ್ನು ಪಾಠಶಾಲೆಗೆ ಕಳುಹಿಸಿದವರು. ಸೊಪ್ಪು ಕಡಿಯುವ ಕಾಲದಲ್ಲಿ ಆಳುಗಳ ಜೊತೆಗೆ ತಾವೂ ಬೆಟ್ಟಕ್ಕೆ ಹೋಗುವರು. ಮರದ ತುದಿಯನ್ನು ಮುಟ್ಟಗೊಡರು. ಕವಲು ಕವಲಾಗಿ ಎಣಿಸಿ ಬಿಡಿಸುವರು. ಹೋದ ವರ್ಷ ಕಡಿದ ಮರಕ್ಕೆ ಈ ವರ್ಷ ಕತ್ತಿ ಹಾಕಗೊಡರು. ಬೀಜ ಕಟ್ಟುವ ಹಳೆಯ ಹೊನ್ನೆ, ಮತ್ತಿಗಳನ್ನು "ಇವು ತಾಯಂದಿರು" ಎಂದು ಪೂರ್ತಿಯಾಗಿ ಬಿಟ್ಟುಬಿಡುವರು. ಅವರು ತೀರಿಕೊಂಡಾಗ ನಾನು ದೂರದ ಊರಿನಲ್ಲಿ ಉಪಾಧ್ಯಾಯನಾಗಿದ್ದೆನು. ಸೊಪ್ಪಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟೆನು. ಹೊರೆಗಿಷ್ಟು ಎಂದು ಹಣ ಪಡೆಯುವವನಿಗೆ ಹತ್ತಿರದ ಮರವೇ ಒಳ್ಳೆಯ ಮರ. ತುದಿಯ ಎಳೆಯ ಸೊಪ್ಪೇ ಸುಲಭದ ಸೊಪ್ಪು. ಅವನ ತಪ್ಪಲ್ಲ, ಕರಾರೇ ಹಾಗಿತ್ತು. ಹತ್ತು ಹನ್ನೆರಡು ವರ್ಷಗಳಲ್ಲಿ ದಾರಿಯ ಮಗ್ಗುಲಿನ ಮತ್ತಿಗಳು ಗಂಟುಗಂಟಾದ ಕಂಬಗಳಾದುವು. ನೆರಳು ಹೋದಲ್ಲಿ ಲಂಟಾನ ಹಬ್ಬಿತು. ಬ್ಯಾಣದಲ್ಲಿ ಒಂದು ಎಕರೆಯಷ್ಟು ನೆಲವನ್ನು ಚೊಕ್ಕಟ ಮಾಡಿಸಿ 1994ರಲ್ಲಿ ಅಕೇಶಿಯಾ ನೆಡಿಸಿದೆನು. ಅದನ್ನು ಮಾರಿ ಬಂದ ಹಣದಿಂದ ಮನೆಯ ಹೆಂಚು ಬದಲಾಯಿತು. ಹೆಂಚು ಚೆನ್ನಾಗಿಯೇ ಇದೆ. ಆದರೆ ತಂದೆಯವರ ಕಾಲದಲ್ಲಿ ವೈಶಾಖದವರೆಗೂ ಹರಿಯುತ್ತಿದ್ದ ತೋಟದ ತಲೆಯ ಒರತೆಯು ಈಚೆಗೆ ಫಾಲ್ಗುನದಲ್ಲಿಯೇ ಬತ್ತಲಾರಂಭಿಸಿತು. ಇದಕ್ಕೆ ಬೆಟ್ಟವೊಂದೇ ಕಾರಣವೆಂದು ಹೇಳುವಷ್ಟು ದುಡುಕು ನನಗಿಲ್ಲ. ನೆರೆಹೊರೆಯ ಕೊಳವೆಬಾವಿಗಳೂ ಇವೆ, ಮಳೆಯ ಕ್ರಮವೂ ಬದಲಾಗಿದೆ. ಆದರೂ ಬೆಟ್ಟವು ಬೋಳಾದ ಮೇಲೆ ಒರತೆಯು ಕುಂದಿದುದನ್ನು ಕಣ್ಣಾರೆ ಕಂಡವನು, ಎರಡಕ್ಕೂ ಸಂಬಂಧವೇ ಇಲ್ಲವೆಂದು ಹೇಗೆ ಹೇಳಲಿ?

ಇನ್ನು ಮೊದಲನೆಯ ವಾಕ್ಯ: ಚೀಲದ ಗೊಬ್ಬರವಿರುವಾಗ ಸೊಪ್ಪೇಕೆ?

ಚೀಲದ ಗೊಬ್ಬರವು ವಿಷವೆಂದು ನಾನು ಹೇಳುವವನಲ್ಲ. ನನ್ನ ತೋಟಕ್ಕೂ ಮಿತವಾಗಿ ಅದು ಬೀಳುತ್ತದೆ. ಸಾರಜನಕ, ರಂಜಕ, ಪೊಟ್ಯಾಷುಗಳು ಅದರಲ್ಲಿ ಅಳತೆಗೆ ಸಿಕ್ಕುವಂತೆ ಇರುತ್ತವೆ ಎಂಬುದು ನಿಜ. ಆದರೆ ಸೊಪ್ಪು ಕೊಡುವುದು ಅಷ್ಟನ್ನೇ ಅಲ್ಲ. ಮಣ್ಣಿನಲ್ಲಿ ಜೀವಾಂಶವನ್ನು ಹೆಚ್ಚಿಸಿ ಅದನ್ನು ಸಡಿಲವಾಗಿಡುವುದು, ನೀರನ್ನು ಹಿಡಿದಿಡುವುದು, ಎರೆಹುಳುವಿಗೆ ಅನ್ನವಾಗುವುದು, ಆಷಾಢದ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಮೇಲೆ ಹೊದಿಕೆಯಾಗುವುದು, ಚೈತ್ರ ವೈಶಾಖಗಳಲ್ಲಿ ಮೇಲ್ಮಣ್ಣಿನಲ್ಲಿಯೇ ಹರಡಿರುವ ಅಡಕೆಯ ಬೇರನ್ನು ಬಿಸಿಲಿನಿಂದ ಕಾಯುವುದು — ಇವು ಯಾವ ಚೀಲದಲ್ಲಿಯೂ ಕಟ್ಟಿ ಬರುವುದಿಲ್ಲ. ನಮ್ಮಂತೆ ಭಾರೀ ಮಳೆ ಬೀಳುವ ನಾಡಿನಲ್ಲಿ, ಕರಗುವ ಗೊಬ್ಬರದ ಒಂದು ಪಾಲು ನೀರಿನೊಡನೆ ಇಳಿದುಹೋಗುತ್ತದೆ. ಅದನ್ನು ತಡೆದು ಬೇರಿಗೆ ಒದಗಿಸುವುದು ಮಣ್ಣಿನ ಜೀವಾಂಶವೇ. ಆದುದರಿಂದ ಚೀಲದ ಗೊಬ್ಬರವು ಸಾರ್ಥಕವಾಗಬೇಕಾದರೂ ಸೊಪ್ಪು ಬೇಕು. ಔಷಧವಿದೆಯೆಂದು ಅನ್ನವನ್ನು ಬಿಡುವ ರೋಗಿಯನ್ನು ಯಾರೂ ಬುದ್ಧಿವಂತನೆನ್ನರು.

ಇನ್ನೊಂದು ಮಾತು. ತೋಟಕ್ಕೆ ಶಾಸ್ತ್ರಜ್ಞರನ್ನು ಕರೆಯುವುದರಲ್ಲಿ ನಾವು ಹಿಂದುಳಿದವರೇನೂ ಅಲ್ಲ. ಅಡಕೆಯ ಕೊಳೆರೋಗದ ಮೂಲವನ್ನು ಹುಡುಕಿ, 1910ರಲ್ಲಿ ಅದರ ವಿಷಯವಾಗಿ ಗ್ರಂಥವನ್ನೇ ಬರೆದ ಲೆಸ್ಲಿ ಕೋಲ್ಮನ್ ಎಂಬ ಪಂಡಿತನು ಕೆನಡಾ ದೇಶದಿಂದ ಮೈಸೂರು ಸಂಸ್ಥಾನಕ್ಕೆ ಬಂದು ಕೆಲಸ ಮಾಡಿದವನು. ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಮೊದಮೊದಲು ಸಂಶಯದಿಂದ ನೋಡಿದ ಮನೆಗಳೇ ಇಂದು ಅದಿಲ್ಲದೆ ಮಳೆಗಾಲವನ್ನು ಕಳೆಯಲಾರವು. 2022ರಿಂದ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕೆ ರೋಗವು ಉಲ್ಬಣಿಸಿದಾಗ ಕೂಡ ನಾವು ಊರೂರು ಸಭೆ ಸೇರಿ ವಿಜ್ಞಾನಿಗಳನ್ನು ಕರೆಯಿಸಿದೆವು. ಸರಿಯಾದುದೇ. ಆದರೆ ಒಂದು ಎಕರೆ ತೋಟಕ್ಕೆ ಇಷ್ಟು ಜನ ವೈದ್ಯರು. ಅದನ್ನು ಸಾಕುವ ಒಂಬತ್ತು ಎಕರೆ ಬೆಟ್ಟಕ್ಕೆ ಒಬ್ಬನೂ ಇಲ್ಲ! ಮಗುವಿಗೆ ಕೆಮ್ಮು ಬಂದರೆ ಊರೆಲ್ಲ ಓಡಾಡುವ ಮನೆಯಲ್ಲಿ, ಹಾಲೂಡುವ ತಾಯಿಯು ಸೊರಗಿದುದನ್ನು ಯಾರೂ ನೋಡದಿದ್ದಂತೆ ಇದಾಯಿತು.

ಎರಡನೆಯ ವಾಕ್ಯ: ಅಕೇಶಿಯಾ ನೆಟ್ಟರೆ ಹತ್ತು ವರ್ಷದಲ್ಲಿ ಕೈತುಂಬ ಹಣ.

ಹಣ ಬರುವುದಿಲ್ಲವೆಂದು ನಾನು ವಾದಿಸಲಾರೆ. ನನ್ನ ಹೆಂಚೇ ನನ್ನ ವಿರುದ್ಧ ಸಾಕ್ಷಿ ಹೇಳೀತು. ಆದರೆ ಯಾವ ಮರವನ್ನು ಎಲ್ಲಿ ನೆಡುತ್ತೇವೆಂಬ ವಿವೇಕ ಬೇಡವೇ? ಈ ಅಕೇಶಿಯಾ ಎಂಬುದು ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೊನೇಷ್ಯಾಗಳ ಕಡೆಯ ಮರ. ನಾವು ಎಲೆಯೆಂದು ಕರೆಯುವುದು ಅದರ ಎಲೆಯೇ ಅಲ್ಲ; ಚಪ್ಪಟೆಯಾಗಿ ಅಗಲವಾದ ತೊಟ್ಟು. ದಪ್ಪನಾದ ಆ ತೊಟ್ಟು ಬಿದ್ದಲ್ಲಿಯೇ ಬಹುಕಾಲ ಕೊಳೆಯದೆ ಬಿದ್ದಿರುತ್ತದೆ. ದನಗಳು ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ. ಈ ಗುಣದಿಂದಲೇ, ಬೇಲಿಯಿಲ್ಲದ ಬಯಲಿನಲ್ಲಿ ಬದುಕುವುದೆಂದು, 1980ರ ದಶಕದಿಂದೀಚೆಗೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಕರಾವಳಿ ಮಲೆನಾಡುಗಳಲ್ಲಿ ಅದನ್ನು ಸಾಲುಸಾಲಾಗಿ ನೆಟ್ಟರು. ಏನೂ ಬೆಳೆಯದ ಜಂಬಿಟ್ಟಿಗೆಯ ಬೋಳು ನೆಲದಲ್ಲಿ ಅದು ಹಸಿರನ್ನು ತಂದಿತು, ಬೇರಿನಿಂದ ಸಾರಜನಕವನ್ನೂ ಮಣ್ಣಿಗೆ ಸೇರಿಸಿತು, ಬಡವರ ಒಲೆಗೆ ಸೌದೆಯಾಯಿತು — ಇಷ್ಟನ್ನು ಒಪ್ಪದಿದ್ದರೆ ನಾನು ಅನ್ಯಾಯ ಮಾಡಿದಂತಾಗುವುದು. ಆದರೆ ಬೋಳು ನೆಲಕ್ಕೆ ಒಳ್ಳೆಯದಾದುದು, ಕಾಡಿರುವ ನೆಲಕ್ಕೆ ಒಳ್ಳೆಯದಾಗುವುದೆಂಬ ನ್ಯಾಯವೆಲ್ಲಿಯದು? ಕೋಲು ಕುಂಟನಿಗೆ ಉಪಕಾರವೆಂದು ನಡೆಯುವವನ ಕಾಲನ್ನು ಮುರಿದು ಕೋಲು ಕೊಡುವರೇ?

ಲೆಕ್ಕವನ್ನೇ ಮಾಡುವುದಾದರೆ ಪೂರ್ತಿಯಾಗಿ ಮಾಡೋಣ. ಬ್ಯಾಣದಲ್ಲಿಯೂ ಬೆಟ್ಟದಲ್ಲಿಯೂ ತಾವಾಗಿ ಇರುವ ಮರಗಳು ಯಾವುವು? ಸೊಪ್ಪಿಗೆ ಮತ್ತಿ, ಹೊನ್ನೆ, ಕಿಂದಳ, ನಂದಿ, ಕೌಲು, ಹುಳಿಗೆ ಮುರುಗಲು, ಉಪ್ಪಾಗೆ, ವಾಟೆ, ಉಪ್ಪಿನಕಾಯಿಗೆ ಅಪ್ಪೆಮಿಡಿ, ಸಂಬಾರಕ್ಕೆ ದಾಲ್ಚಿನ್ನಿ, ರಾಮಪತ್ರೆ, ತೊಳೆಯಲು ಅಂಟುವಾಳ, ಸೀಗೆ, ದನಕ್ಕೂ ಜನಕ್ಕೂ ಹಲಸು, ಏಣಿಗೆ, ದೋಟಿಗೆ, ಬುಟ್ಟಿಗೆ ಬಿದಿರು. ಮುರುಗಲಿನ ಸಿಪ್ಪೆಗೂ ಉಪ್ಪಾಗೆಯ ಸಿಪ್ಪೆಗೂ ಪೇಟೆಯಲ್ಲಿ ಬೆಲೆಯುಂಟು. ಅಪ್ಪೆಮಿಡಿಯ ಪರಿಮಳವನ್ನು ಬಲ್ಲವರು ದೂರದಿಂದ ಹುಡುಕಿಕೊಂಡು ಬರುತ್ತಾರೆ. ಈ ಆದಾಯವು ಪ್ರತಿವರ್ಷ ಬರುವಂಥದು, ಮರವು ನಿಂತಿರುವಂತೆಯೇ ಬರುವಂಥದು. ಅಕೇಶಿಯಾದ ಆದಾಯವಾದರೋ ಮರವು ಬಿದ್ದ ದಿನ ಒಮ್ಮೆ ಬರುವಂಥದು. ಮರುದಿನ ಬರಿಯ ಬುಡಗಳು, ಬಿಸಿಲಿಗೆ ಬಾಯ್ಬಿಟ್ಟ ಮಣ್ಣು. ಒಂದು ಬಡ್ಡಿ, ಇನ್ನೊಂದು ಅಸಲಿನ ಮಾರಾಟ. ಎರಡನ್ನೂ ಒಂದೇ ಕಾಲಮಿನಲ್ಲಿ ಬರೆಯುವ ಗುಮಾಸ್ತನನ್ನು ಯಾವ ಅಂಗಡಿಕಾರನೂ ಇಟ್ಟುಕೊಳ್ಳನು.

ಈ ಬಡ್ಡಿ-ಅಸಲುಗಳ ಭೇದವು ಅರಣ್ಯಶಾಸ್ತ್ರದ ತಿರುಳೇ ಆಗಿರುತ್ತದೆ. ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಬೆಳ್ಳಿಯ ಗಣಿಗಳ ಕುಲುಮೆಗೆ ಕಾಡೆಲ್ಲ ಉರಿದುಹೋಗುತ್ತಿದ್ದಾಗ, ಗಣಿಯ ಅಧಿಕಾರಿಯೇ ಆದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬವನು 1713ರಲ್ಲಿ ಗ್ರಂಥವೊಂದನ್ನು ಬರೆದು, ಎಷ್ಟು ಬೆಳೆಯುವುದೋ ಅಷ್ಟನ್ನೇ ಕಡಿಯತಕ್ಕದ್ದೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಆ ಜರ್ಮನ್ ವಿದ್ಯೆಯಲ್ಲಿ ಪಳಗಿದ ಡೀಟ್ರಿಕ್ ಬ್ರಾಂಡಿಸನು ಬರ್ಮಾದ ತೇಗದ ಕಾಡುಗಳಲ್ಲಿ ಕೆಲಸ ಮಾಡಿ, 1864ರಲ್ಲಿ ಹಿಂದೂಸ್ಥಾನದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲನಾದನು. ಮರಗಳನ್ನು ಎಣಿಸಿ, ಸುತ್ತಳತೆಯನ್ನು ಅಳೆದು, ಕಾಡನ್ನು ಭಾಗಗಳಾಗಿ ವಿಂಗಡಿಸಿ, ಯಾವ ವರ್ಷ ಎಲ್ಲಿ ಎಷ್ಟು ಎಂದು ಮೊದಲೇ ಬರೆದಿಡುವ ಕಾರ್ಯಯೋಜನೆಯು ಹೀಗೆ ನಮ್ಮಲ್ಲಿ ಬೇರೂರಿತು. ಆ ಯೋಜನೆಗಳಿಂದ ಸರಕಾರದ ಕಾಡುಗಳು ಉದ್ಧಾರವಾದುವೆಂದು ನಾನು ಹೇಳುವುದಿಲ್ಲ; ಸಹಜವಾದ ಕಾಡನ್ನು ಕಡಿದು ತೇಗ, ನೀಲಗಿರಿಗಳನ್ನು ನೆಟ್ಟುದೂ ಯೋಜನೆಯ ಹೆಸರಿನಲ್ಲಿಯೇ. ಯೋಜನೆಯು ಕತ್ತಿಯಂತೆ, ಹಿಡಿದವನ ಮನಸ್ಸಿನಂತೆ ಕೆಲಸ ಮಾಡುವುದು. ಆದರೆ ಯೋಜನೆಯೇ ಇಲ್ಲದ ನಮ್ಮ ಬೆಟ್ಟಗಳು ಅದಕ್ಕಿಂತ ಚೆನ್ನಾಗಿವೆಯೇ?

ಹೀಗೆ ಕೇಳಿದ ಕೂಡಲೇ ಮೂರನೆಯ ವಾಕ್ಯವು ಎದ್ದು ಬರುತ್ತದೆ: ಬೆಟ್ಟವು ಸರಕಾರದ್ದು, ಅದರ ಚಿಂತೆ ಸರಕಾರಕ್ಕಿರಲಿ. ಮೂರರಲ್ಲಿಯೂ ಇದೇ ಹೆಚ್ಚು ಅಪಾಯಕರವಾದುದು. ಏಕೆಂದರೆ ಅರ್ಧಸತ್ಯವು ಪೂರ್ತಿ ಸುಳ್ಳಿಗಿಂತ ಬಲವಾಗಿರುತ್ತದೆ. ಸೊಪ್ಪನ್ನು ತರುವ ದಿನ ಬೆಟ್ಟವು ನಮ್ಮದು; ಪಕ್ಕದವನು ಒಂದು ಹೊರೆ ತಂದರೆ ಕೋರ್ಟಿಗೆ ಹೋಗುವಷ್ಟು ನಮ್ಮದು. ಸಸಿ ನೆಡುವ ದಿನ, ಬೆಂಕಿ ಆರಿಸುವ ದಿನ, ಅದು ಸರಕಾರದ್ದು! ಭೋಗಕ್ಕೆ ಒಡೆತನ, ಹೊಣೆಗೆ ಪರಾಧೀನತೆ. ಇಂಥ ಒಡೆತನವನ್ನು ಯಾವ ಶಾಸ್ತ್ರವು ಒಪ್ಪುತ್ತದೆ?

ನಾನು ಓದಿದ ಶಾಸ್ತ್ರವಂತೂ ಒಪ್ಪುವುದಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಆಧಿ, ಎಂದರೆ ಒತ್ತೆಯ ವಿಷಯವು ಬರುತ್ತದೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಒತ್ತೆಯಲ್ಲಿ ಎರಡು ಬಗೆ: ಕೇವಲ ಕಾಪಾಡತಕ್ಕದ್ದು ಗೋಪ್ಯಾಧಿ, ಅನುಭವಿಸತಕ್ಕದ್ದು ಭೋಗ್ಯಾಧಿ. ಒತ್ತೆಯ ವಸ್ತುವು ಹಿಡಿದವನ ಕೈಯಲ್ಲಿ ಕೆಟ್ಟರೆ, ನಾಶವಾದರೆ, ಅವನೇ ತುಂಬಿಕೊಡಬೇಕು. ಎರಡೇ ಅಪವಾದಗಳು — ದೈವದಿಂದಾದ ಹಾನಿ, ರಾಜನಿಂದಾದ ಹಾನಿ. ಬೆಟ್ಟವು ನಿಜವಾದ ಒತ್ತೆಯಲ್ಲ, ಇಲ್ಲಿ ಸಾಲಗಾರನಾರು ಧನಿಕನಾರು ಎಂದು ತರ್ಕಿಸುವವರು ತರ್ಕಿಸಲಿ. ಉಪಮೆಯು ಎಲ್ಲ ಅಂಶಗಳಲ್ಲಿಯೂ ಒಪ್ಪಬೇಕಾಗಿಲ್ಲ. ಆದರೆ ಪರರ ಭೂಮಿ, ನಮ್ಮ ಭೋಗ, ಮುಂದೆ ಒಪ್ಪಿಸಬೇಕಾದ ಹೊಣೆ — ಈ ಮೂರೂ ಇರುವಲ್ಲಿ ಭೋಗ್ಯಾಧಿಯ ಧರ್ಮವು ಒಪ್ಪದಿರಲು ಕಾರಣವನ್ನು ಕಾಣೆನು. ನಾವೋ, ಆ ಎರಡು ಅಪವಾದಗಳನ್ನೇ ಕಂಠಪಾಠ ಮಾಡಿಕೊಂಡಿದ್ದೇವೆ. ಒರತೆ ಬತ್ತಿದರೆ ಮಳೆಯನ್ನು ದೂರುವೆವು, ಅದು ದೈವ. ಬೆಟ್ಟ ಬೋಳಾದರೆ ಇಲಾಖೆಯನ್ನು ದೂರುವೆವು, ಅದು ರಾಜ. ನಡುವೆ ಕತ್ತಿ ಹಿಡಿದ ಕೈ ಯಾರದೆಂದು ಕೇಳುವವರಿಲ್ಲ.

ನಮ್ಮ ಜಿಲ್ಲೆಗೆ ಕೀರ್ತಿ ತಂದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1983ರ ಸೆಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಳಸೆಯ ಕಾಡಿಗೆ ಹೋಗಿ ಕಡಿಯುತ್ತಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಎಂಬ ಕನ್ನಡದ ಮಾತು ದೇಶದ ಹೊರಗೂ ಕೇಳಿಸಿತು. ಸರಕಾರವು ಕಡಿತವನ್ನು ನಿಲ್ಲಿಸಬೇಕಾಯಿತು. ನಾನು ಆ ಜನರಿಗೆ ಕೈಮುಗಿಯುತ್ತೇನೆ. ಆದರೆ ಸರಕಾರದ ಕೊಡಲಿಗೆ ಅಡ್ಡ ನಿಂತ ಜಿಲ್ಲೆಯು ತನ್ನ ಕತ್ತಿಗೆ ಅಡ್ಡ ನಿಂತಿತೇ? ಕಾಳಗದ ದಿನ ಮರವನ್ನು ಅಪ್ಪುವುದಕ್ಕೆ ಧೈರ್ಯ ಬೇಕು. ಪ್ರತಿವರ್ಷ ಅದೇ ಮರದ ತುದಿಯನ್ನು ಬಿಟ್ಟು ಕೆಳಗಿನ ಕವಲನ್ನು ಮಾತ್ರ ಬಿಡಿಸುವುದಕ್ಕೆ ಸಂಯಮ ಬೇಕು. ಎರಡನೆಯದಕ್ಕೆ ಪತ್ರಿಕೆಯಲ್ಲಿ ಚಿತ್ರ ಬರುವುದಿಲ್ಲ.

ಇನ್ನು ಆಗಬೇಕಾದುದೇನು? ಬರಿಯ ಉಪದೇಶದಿಂದ ಒಂದು ಸಸಿಯೂ ಚಿಗುರದು. ನಾವು ಅರಣ್ಯವನ್ನು ಬಲ್ಲವರ ಸಲಹೆ ಪಡೆಯಬೇಕು ಎಂಬುದೇ ಈ ಲೇಖನದ ಮುಖ್ಯವಾದ ಮಾತು. ನಮ್ಮ ಮನೆಗಳ ಖರ್ಚನ್ನು ನೋಡಿರಿ. ಮುಹೂರ್ತಕ್ಕೆ ಜ್ಯೋತಿಷಿ, ಜ್ವರಕ್ಕೆ ವೈದ್ಯ, ಗಡಿಗೆ ವಕೀಲ, ನೀರಿಗೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವನು. ಆ ಕಾಯಿ ನಿಂತಲ್ಲಿ ನೆಲವನ್ನು ಕೊರೆಯಿಸಿ, ನೀರು ಬರದಿದ್ದರೆ ಇನ್ನೊಂದು ಕಾಯಿ, ಇನ್ನೊಂದು ಕೊಳವೆಬಾವಿ. ಇಷ್ಟಕ್ಕೆಲ್ಲ ಹಣವುಂಟು, ನೀರು ಹುಟ್ಟುವ ಬೆಟ್ಟವನ್ನು ಒಮ್ಮೆ ನೋಡಿ ಹೇಳುವವನಿಗೆ ಕೊಡಲು ಮಾತ್ರ ಕಾಸಿಲ್ಲ. ಬಲ್ಲವರು ಇಲ್ಲವೆಂದು ಹೇಳುವಂತೆಯೂ ಇಲ್ಲ. ಶಿರಸಿಯಲ್ಲಿಯೇ ಅರಣ್ಯ ಮಹಾವಿದ್ಯಾಲಯವಿದೆ. ನಮ್ಮ ಮನೆಗಳ ಮಕ್ಕಳೇ ಅಲ್ಲಿ ಓದಿ ಪದವಿ ಪಡೆದು, ಇಲ್ಲಿ ಕೇಳುವವರಿಲ್ಲದೆ, ಬೇರೆ ಉದ್ಯೋಗಕ್ಕೆ ಪಟ್ಟಣಗಳಿಗೆ ಹೋಗುತ್ತಿದ್ದಾರೆ.

ನಾನು 2018ರಲ್ಲಿ, ನಿವೃತ್ತನಾದ ಮೇಲೆ, ಹಾಗೆ ಓದಿದ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಯಿಸಿದೆನು. ಅವನು ತೋಟದ ಕಡೆಗೆ ತಿರುಗಿಯೂ ನೋಡಲಿಲ್ಲ. ಎರಡು ದಿನ ಬೆಟ್ಟವನ್ನೇ ಸುತ್ತಿದನು. ಅಲ್ಲಲ್ಲಿ ಹಗ್ಗದಿಂದ ಸುತ್ತು ಹಾಕಿ ಅದರೊಳಗಿನ ಮರಗಳನ್ನು ಎಣಿಸಿದನು. ಎದೆಯೆತ್ತರದಲ್ಲಿ ಸುತ್ತಳತೆ ಹಿಡಿದನು. ಬಳಿಕ ಮೊಣಕಾಲೂರಿ ಕುಳಿತು ನೆಲದಲ್ಲಿ ಏನನ್ನೋ ಹುಡುಕಿದನು. ಏನೆಂದು ಕೇಳಲು, "ಮಕ್ಕಳನ್ನು ಹುಡುಕುತ್ತಿದ್ದೇನೆ, ಮೇಷ್ಟ್ರೇ" ಎಂದನು. ದೊಡ್ಡ ಮತ್ತಿ, ಹೊನ್ನೆಗಳು ಇನ್ನೂ ಸಾಕಷ್ಟಿದ್ದುವು. ಆದರೆ ದಾರಿಯ ಮಗ್ಗುಲಿನ ಭಾಗದಲ್ಲಿ ಮೊಣಕಾಲೆತ್ತರದ ಸಸಿ ಒಂದೂ ಇರಲಿಲ್ಲ. ದೂರದಿಂದ ನೋಡಿದರೆ ಕಾಡು. ಹತ್ತಿರ ಹೋದರೆ ಮಕ್ಕಳಿಲ್ಲದ ಮುದುಕರ ಮನೆ. ಇದನ್ನು ಮೂವತ್ತು ವರ್ಷ ಆ ದಾರಿಯಲ್ಲಿ ಓಡಾಡಿದ ನಾನು ಕಂಡಿರಲಿಲ್ಲ. ಸಭೆಗಳಲ್ಲಿ ವೃಕ್ಷವನ್ನು ಪುತ್ರರಿಗೆ ಹೋಲಿಸುವ ಪುರಾಣವಾಕ್ಯವನ್ನು ಮಾತ್ರ ಎಷ್ಟೋ ಸಲ ವ್ಯಾಖ್ಯಾನಿಸಿದ್ದೆನು.

ಅವನು ಬರೆದುಕೊಟ್ಟ ಯೋಜನೆಯು ಶಾಲೆಯ ನೋಟುಪುಸ್ತಕದ ಆರು ಪುಟ. ಅದರ ಸಾರವಿಷ್ಟು: ಬೆಟ್ಟವನ್ನು ಮೂರು ಭಾಗವಾಗಿ ಮಾಡಿ, ವರ್ಷಕ್ಕೊಂದರಲ್ಲಿ ಮಾತ್ರ ಸೊಪ್ಪು ಕಡಿಯತಕ್ಕದ್ದು, ಉಳಿದೆರಡಕ್ಕೆ ವಿಶ್ರಾಂತಿ. ಕಡಿಯುವಲ್ಲಿಯೂ ಮರದ ಮೇಲ್ಭಾಗವನ್ನು ಮುಟ್ಟಕೂಡದು. ಬೀಜದ ಮರಗಳಿಗೆ ಸುಣ್ಣದ ಪಟ್ಟೆ ಬಳಿದು, ಅವುಗಳಿಗೆ ಕತ್ತಿಯೇ ತಾಗದಂತೆ ನೋಡಿಕೊಳ್ಳಬೇಕು. ದರಕನ್ನು ಪೂರ್ತಿಯಾಗಿ ಗುಡಿಸದೆ ಬೆಟ್ಟದ ಪಾಲನ್ನು ಬೆಟ್ಟಕ್ಕೇ ಬಿಡಬೇಕು. ಲಂಟಾನವನ್ನು ಹೂವಿಗೆ ಮೊದಲೇ ಬೇರುಸಹಿತ ಕೀಳಬೇಕು. ಒಮ್ಮೆ ಅಲ್ಲ, ವರ್ಷ ವರ್ಷವೂ. ಮಾಘಮಾಸದೊಳಗೆ ಅಂಚಿನಲ್ಲಿ ಬೆಂಕಿರೇಖೆಯನ್ನು ಕೆರೆಯಬೇಕು. ತೆರಪಿರುವಲ್ಲಿ ಮುರುಗಲು, ಉಪ್ಪಾಗೆ, ವಾಟೆ, ಹಲಸು, ಅಪ್ಪೆಮಿಡಿಗಳನ್ನು ನೆಡಬೇಕು. ತಾನಾಗಿ ಹುಟ್ಟಿದ ಸಸಿಯಿದ್ದಲ್ಲಿ ನೆಡುವ ಶ್ರಮವೇ ಬೇಡ, ಅದನ್ನು ಕಾದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಗುತ್ತಿಗೆಯನ್ನು ಹೊರೆಯ ಲೆಕ್ಕದಿಂದ ದಿನಗೂಲಿಯ ಲೆಕ್ಕಕ್ಕೆ ತಿರುಗಿಸಬೇಕು. ಸಸಿ ನೆಡುವುದಕ್ಕೆ ಮೊದಲು ಇಲಾಖೆಯವರಿಗೆ ತಿಳಿಸುವುದನ್ನೂ ಅವನೇ ಬರೆದಿದ್ದನು. ನೋಡಿರಿ: ಇದರಲ್ಲಿ ಅರ್ಧದಷ್ಟು ನನ್ನ ತಂದೆಯವರಿಗೆ ಗೊತ್ತಿದ್ದುದೇ. ಉಳಿದರ್ಧ ಅಳತೆಯ ವಿದ್ಯೆ. ಅನುಭವವನ್ನು ನಾನು ಕಳೆದುಕೊಂಡಿದ್ದೆನು. ಶಾಸ್ತ್ರವು ಅದನ್ನು ಅಳೆದು ಹಿಂದಕ್ಕೆ ತಂದುಕೊಟ್ಟಿತು.

ಫಲವೇನೆಂದು ಕೇಳುವಿರಿ. ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ಮೊದಲ ಎರಡು ವರ್ಷ ಸೊಪ್ಪು ಸಾಲದೆ ಕೊಂಡು ತರಬೇಕಾಯಿತು. ಕೂಲಿಯ ಖರ್ಚು ಹೆಚ್ಚಿತು. ಮನೆಯಲ್ಲಿ ಗೊಣಗಾಟವೂ ಕೇಳಿಬಂದಿತು. ಈಗ ವಿಶ್ರಾಂತಿ ಪಡೆದ ಭಾಗಗಳಲ್ಲಿ ಮತ್ತಿಯ ಮಕ್ಕಳು ನನ್ನ ಹೆಗಲೆತ್ತರಕ್ಕೆ ಬಂದಿವೆ. ಕಂಬಗಳಾಗಿದ್ದ ಮರಗಳಲ್ಲಿ ಕೆಲವು ಮತ್ತೆ ಛತ್ರಿ ಬಿಚ್ಚಿವೆ, ಕೆಲವು ಸತ್ತುಹೋದುವು. ಒರತೆಯು ಹಿಂದಿನಂತಾಗಿಲ್ಲ. ಆಗುವುದನ್ನು ನಾನು ನೋಡುವೆನೆಂಬ ಭರವಸೆಯೂ ಇಲ್ಲ. ಮೂವತ್ತು ವರ್ಷ ಕೆಡಿಸಿದುದು ಏಳೆಂಟು ವರ್ಷದಲ್ಲಿ ಕೂಡಿಬಂದರೆ ಅದು ಬೆಟ್ಟವಲ್ಲ, ಇಂದ್ರಜಾಲ.

ಬೆಟ್ಟ ಮತ್ತು ತೋಟ ಬೇರೆಯಲ್ಲವೆಂಬುದಕ್ಕೆ ಇನ್ನೊಂದು ಕಹಿಯಾದ ನೆನಪು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಜಾರಿ ತೋಟ ಮನೆಗಳ ಮೇಲೆ ಬಂದುವು. ಅಲ್ಲಿಯ ಜನರು ಬೆಟ್ಟವನ್ನು ಕೆಡಿಸಿದುದರಿಂದ ಹಾಗಾಯಿತೆಂದು ನಾನು ಸರ್ವಥಾ ಹೇಳುವುದಿಲ್ಲ. ನೊಂದವರ ಮೇಲೆ ದೋಷವನ್ನು ಹೊರಿಸುವುದು ಪಾಪ. ಆದರೆ ಮೇಲಿರುವುದಕ್ಕೆ ಏನಾದರೂ ಆದರೆ ಕೆಳಗಿರುವುದು ಉಳಿಯದೆಂಬ ಪಾಠವನ್ನು ಆ ಮಳೆಗಾಲವು ಜಿಲ್ಲೆಗೆಲ್ಲ ಕಲಿಸಿತು. ಕಣಿವೆಯ ತಳದಲ್ಲಿ ಮನೆ ಕಟ್ಟಿಕೊಂಡವನು ಬೆಟ್ಟದ ಚಿಂತೆಯನ್ನು ಬೇರೊಬ್ಬರಿಗೆ ಬಿಡಬಲ್ಲನೇ?

ಸರಕಾರದ ಪಾಲಿನ ಹೊಣೆಯನ್ನು ನಾನು ಮನ್ನಿಸುತ್ತಿಲ್ಲ. ಬೆಟ್ಟದಲ್ಲಿ ತಾನು ನೆಟ್ಟು ಬೆಳೆಸಿದುದರ ಫಲವು ತನಗೆ ಸಿಕ್ಕುವುದೆಂಬ ನಿಶ್ಚಯವು ತೋಟಿಗನಿಗಿದ್ದರೆ ಅವನ ಕೈ ಇನ್ನೂ ಮುಂದಾದೀತು. ಶ್ರೀಗಂಧದ ವಿಷಯದಲ್ಲಿ ಹೀಗೆಯೇ ಆಯಿತು: ತನ್ನ ಹಿತ್ತಲಿನ ಗಂಧದ ಗಿಡವೂ ಸರಕಾರದ್ದೆಂದಿದ್ದಾಗ ಅದನ್ನು ಯಾರೂ ಬೆಳೆಸಲಿಲ್ಲ, 2001ರಲ್ಲಿ ಕರ್ನಾಟಕದ ಕಾಯಿದೆಯು ತಿದ್ದುಪಡಿಯಾಗಿ ಭೂಮಿಯ ಒಡೆಯನೇ ಮರದ ಒಡೆಯನೆಂದಾದ ಮೇಲೆ ರೈತರು ಅದನ್ನು ನೆಡತೊಡಗಿದರು. ಬೆಟ್ಟದ ವಿಷಯದಲ್ಲಿಯೂ ನ್ಯಾಯವಾದ ಕ್ರಮವನ್ನು ಕೇಳೋಣ. ಆದರೆ ಕೇಳುವವನ ಕೈಯಲ್ಲಿ ಬೆಟ್ಟವು ಬೋಳಾಗಿದ್ದರೆ ಕೊಡುವವನು ಏನೆಂದುಕೊಂಡಾನು?

ಸಂಘದ ಮುಂದೆ ನನ್ನದೊಂದು ಬಿನ್ನಹ. ಪ್ರತಿ ಮನೆಯಲ್ಲಿಯೂ ಪಂಚಾಂಗದ ಪಕ್ಕದಲ್ಲಿ ಒಂದು ಬೆಟ್ಟದ ಪುಸ್ತಕವಿರಲಿ: ಯಾವ ವರ್ಷ ಯಾವ ಭಾಗದಲ್ಲಿ ಸೊಪ್ಪು, ಎಷ್ಟು ಹೊರೆ, ಬೀಜದ ಮರಗಳೆಷ್ಟು, ಸಸಿಗಳೆಷ್ಟು, ಒರತೆಯು ಯಾವ ತಿಂಗಳವರೆಗೆ ಹರಿಯಿತು. ನಾಲ್ಕೈದು ಮನೆಗಳವರು ಕೂಡಿ, ಅರಣ್ಯವಿದ್ಯೆ ಬಲ್ಲ ಒಬ್ಬ ತರುಣನನ್ನು ವರ್ಷಕ್ಕೆ ಎರಡು ಸಲ ಕರೆಯಿಸಿ, ಅವನಿಗೆ ಮರ್ಯಾದೆಯ ಸಂಭಾವನೆ ಕೊಟ್ಟು, ಬೆಟ್ಟವನ್ನು ತೋರಿಸಲಿ. ಒಂದು ಸತ್ಯನಾರಾಯಣ ಪೂಜೆಯ ಊಟದ ಖರ್ಚಿನಲ್ಲಿ ಇದು ಮುಗಿಯುವುದು, ಸತ್ಯನಾರಾಯಣನೂ ಬೇಸರಪಡನು.

ಆ ಮಹನೀಯರು ನನಗೆ ಉತ್ತರವನ್ನು ಬರೆಯಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ; ಈ ಪತ್ರಿಕೆಯ ಪುಟಗಳು ಅವರಿಗೂ ತೆರೆದಿವೆ. ಅವರ ಮೇಲೆ ನನಗೆ ದ್ವೇಷವಿಲ್ಲ. ನಾನು ವಾದಿಸುತ್ತಿರುವುದು ಮೂವತ್ತು ವರ್ಷದ ಹಿಂದಿನ ನನ್ನೊಡನೆಯೇ. ಒಂದೇ ಪ್ರಾರ್ಥನೆ: ಲೇಖನಿಯನ್ನು ಹಿಡಿಯುವ ಮೊದಲು ಅವರು ಒಂದು ಬೆಳಗ್ಗೆ ತಮ್ಮ ಬೆಟ್ಟಕ್ಕೆ ಹೋಗಿ, ಸೊಪ್ಪು ಕಡಿಯುವ ದಾರಿಯ ಮಗ್ಗುಲಲ್ಲಿ ಮೊಣಕಾಲೂರಿ ಕುಳಿತು, ಮತ್ತಿಯ ಮಕ್ಕಳು ಎಷ್ಟಿವೆಯೆಂದು ಎಣಿಸಿ ಬರಲಿ. ಆ ಸಂಖ್ಯೆಯನ್ನು ಉತ್ತರದ ಮೊದಲ ಸಾಲಿನಲ್ಲಿ ಬರೆದರೆ, ಮಿಕ್ಕ ವಾದವನ್ನು ನಾನು ತಾಳ್ಮೆಯಿಂದ ಓದುವೆನು.